ಬಿಡಲಾಗದ ಬಿಡಾರ

ಕನ್ನಡದಲ್ಲಿ ‘ಬಿಡು’ ಎಂಬ ಧಾತುವಿನ ಮೊದಲ ಸ್ವರ ದೀರ್ಘವಾದರೆ ‘ಬೀಡು’ ಎಂಬ ನಾಮಪದ ಹುಟ್ಟುತ್ತದೆ. ‘ಕೆಡು’ ಎಂಬುದು ‘ಕೇಡು’ ಆದಂತೆ, ‘ಪಡು’ ಎಂಬುದು ‘ಪಾಡು’ ಆದಂತೆ. ದಂಡಾಗಲಿ, ವರ್ತಕರ ಎತ್ತಿನ ಸಾಲಾಗಲಿ ಹೊತ್ತು ಮುಳುಗಿದಾಗ ಹೊರೆಯನ್ನಿಳಿಸಿ, ಎತ್ತುಗಳನ್ನು ಮೇಯಲು ಬಿಟ್ಟು, ತಂಗಿದ ಎಡೆಯೇ ಬೀಡು. ಬಿಡಾರವೂ ಅದೇ ಬಳಗದ ಮಾತು. ಮನೆಗೂ ಬಿಡಾರಕ್ಕೂ ಇರುವ ಅಂತರವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಮನೆಯನ್ನು ಕಾಯಬೇಕು, ಗುಡಿಸಿ ಸಾರಿಸಬೇಕು, ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಬೇಕು. ಬಿಡಾರಕ್ಕೆ ಈ ಚಾಕರಿಯಿಲ್ಲ. ಬೆಳಗಾದರೆ ಅದನ್ನು ಬಿಟ್ಟು ಹೊರಡಬಹುದು. ಆದರೆ ಇವೆರಡನ್ನೂ ಒಂದು ಮಾಡಿ, ಬಿಡಾರವನ್ನೇ ಮನೆಯಾಗಿ ಕಟ್ಟಿ, ಗಾಲಿಯ ಮೇಲೆ ಕೂರಿಸಿ, ಕಾರಿನ ಹಿಂದೆ ಎಳೆದುಕೊಂಡು ಹೋಗುವ ಜನರೂ ಲೋಕದಲ್ಲಿದ್ದಾರೆ. ಅಮೆರಿಕಾದಲ್ಲಿ ಇದಕ್ಕೆ ಟ್ರಾವೆಲ್ ಟ್ರೇಲರ್ ಎಂದು ಹೆಸರು. ಸಂಸಾರಸ್ಥನೊಬ್ಬನು ಹೊಸದಾಗಿ ಅಂಥದೊಂದನ್ನು ಕೊಂಡರೆ ಅವನಿಗೆ ಬರುವ ಸುಖವೆಷ್ಟು, ಕಷ್ಟವೆಷ್ಟು ಎಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ವಾಚಕರು ಕೇಳಬಹುದು. ನನ್ನ ತಂಗಿಯ ಸಂಸಾರ ಓಹಿಯೋ ಸಂಸ್ಥಾನದ ಕೊಲಂಬಸ್ ನಗರದಲ್ಲಿ ನೆಲೆಸಿದೆ. ೨೦೨೨ರಲ್ಲಿ ಅವರು ಇಪ್ಪತ್ತೈದು ಅಡಿ ಉದ್ದದ ಹೊಸ ಟ್ರೇಲರ್ ಒಂದನ್ನು ಸಾಲದ ಮೇಲೆ ಕೊಂಡರು. ಮರುವರ್ಷ ರಜೆಯಲ್ಲಿ ನಾನು ನಮ್ಮ ತಾಯಿಯವರನ್ನು ಕರೆದುಕೊಂಡು ಅಲ್ಲಿಗೆ ಹೋಗಿ, ಎರಡು ವಾರ ಅದರಲ್ಲೇ ಉಂಡು ಮಲಗಿ, ಮಿಷಿಗನ್ ಸಂಸ್ಥಾನದ ಉತ್ತರದ ಸರೋವರಗಳವರೆಗೆ ಸಂಚರಿಸಿ ಬಂದೆನು. ಈಗ ಅದನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬ ಚರ್ಚೆ ಆ ಮನೆಯಲ್ಲಿ ನಡೆದಿದೆ. ಇಟ್ಟುಕೊಳ್ಳಬೇಕೆಂದು ತಂಗಿ, ಮಾರಬೇಕೆಂದು ಭಾವಮೈದುನರು. ಇಬ್ಬರೂ ಬೇರೆ ಬೇರೆಯಾಗಿ ನನ್ನ ಅಭಿಪ್ರಾಯವನ್ನು ಕೇಳಿದ್ದಾರೆ. ಆದುದರಿಂದ ಈ ವಿಚಾರ ನನ್ನ ಪಾಲಿಗೆ ಬರಿಯ ಕುತೂಹಲದ್ದಲ್ಲ.

ವಿಹಾರಕ್ಕೆಂದೇ ಗಾಲಿಯ ಮನೆಯನ್ನು ಕಟ್ಟಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಅಮೆರಿಕಾದವನಲ್ಲ. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಬ್ರಿಟಿಷ್ ನೌಕಾದಳದಲ್ಲಿದ್ದು ನಿವೃತ್ತನಾಗಿ, ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆಯುತ್ತಿದ್ದ ಈತ ೧೮೮೫ರಲ್ಲಿ ‘ವಾಂಡರರ್’ ಎಂಬ ಮರದ ಗಾಡಿಯೊಂದನ್ನು ಬ್ರಿಸ್ಟಲ್ಲಿನಲ್ಲಿ ಮಾಡಿಸಿ, ಎರಡು ಕುದುರೆಗಳನ್ನು ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ತಿರುಗಿದನು. ಗಾಡಿಯ ತೂಕ ಸುಮಾರು ಎರಡು ಟನ್ನು. ಜೊತೆಗೆ ಗಾಡಿ ಹೊಡೆಯುವವನೊಬ್ಬ, ಪರಿಚಾರಕನೊಬ್ಬ, ಒಂದು ನಾಯಿ! ಗಾಡಿಯ ಸುಖವನ್ನು ಅನುಭವಿಸಿದವನು ಸ್ಟೇಬಲ್ಸ್. ಚಾಕರಿಯನ್ನು ಮಾಡಿದವರು ಬೇರೆಯವರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಕಾರು ಬಂದ ಮೇಲೆ ಅಮೆರಿಕಾದ ವಿಶಾಲವಾದ ರಸ್ತೆಗಳಲ್ಲಿ ಇದು ಸಾಮಾನ್ಯ ಜನರ ಸೊತ್ತಾಯಿತು. ವಾಲಿ ಬಯಾಮ್ ಎಂಬಾತ ೧೯೩೬ರಲ್ಲಿ ವಿಮಾನದ ಒಡಲಿನಂತೆ ಅಲ್ಯೂಮಿನಿಯಂ ತಗಡು ಹೊದಿಸಿದ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಟ್ರೇಲರನ್ನು ಹೊರತಂದನು. ೧೯೫೯ರಲ್ಲಿ ಆತನ ಮುಂದಾಳುತನದಲ್ಲಿ ಅಂಥ ಟ್ರೇಲರುಗಳ ಸಾಲೊಂದು ಆಫ್ರಿಕಾದ ಕೇಪ್‌ಟೌನಿನಿಂದ ಹೊರಟು ಕೈರೋ ಮುಟ್ಟಿತು. ಅವನು ೧೯೬೨ರಲ್ಲಿ ತೀರಿಕೊಂಡ ಮೇಲೆ, ೧೯೬೩–೬೪ರಲ್ಲಿ ಲೋಕವನ್ನು ಸುತ್ತಲು ಹೊರಟ ಇನ್ನೊಂದು ಸಾಲು ನಮ್ಮ ದೇಶವನ್ನೂ ಹಾದುಹೋಯಿತು. ಇಂದು ಅಮೆರಿಕಾದ ಟ್ರೇಲರುಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನ ಸಂಸ್ಥಾನದ ಎಲ್ಕ್‌ಹಾರ್ಟ್ ಸುತ್ತಮುತ್ತ. ಕೊರೋನಾ ಕಾಲದಲ್ಲಿ ಹೋಟಲು, ವಿಮಾನಗಳಿಗೆ ಹೆದರಿದ ಜನ ಇವುಗಳಿಗೆ ಮುಗಿಬಿದ್ದರು. ೨೦೨೧ನೆಯ ಒಂದೇ ವರ್ಷದಲ್ಲಿ ಆರು ಲಕ್ಷ ಗಾಲಿಮನೆಗಳು ಅಲ್ಲಿನ ಕಾರ್ಖಾನೆಗಳಿಂದ ಹೊರಬಿದ್ದವು; ೨೦೨೩ರ ಹೊತ್ತಿಗೆ ಆ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. ಕೊಳ್ಳುವ ಆತುರ ಎಷ್ಟಿತ್ತು, ಅದು ಎಷ್ಟು ಬೇಗ ತಣ್ಣಗಾಯಿತು ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕ್ಷಿ.

ಮೊದಲು ಸುಖವನ್ನು ಹೇಳೋಣ. ಪರದೇಶದ ಪ್ರವಾಸದಲ್ಲಿ ಸಸ್ಯಾಹಾರಿಯಾದ ವೃದ್ಧೆಗೆ ಎದುರಾಗುವ ಮೊದಲ ಚಿಂತೆ ಊಟ, ಎರಡನೆಯದು ಶೌಚ, ಮೂರನೆಯದು ನಿದ್ರೆ. ನಮ್ಮ ತಾಯಿಗೆ ಆಗ ಎಪ್ಪತ್ತೆರಡು ವರ್ಷ, ಮಂಡಿನೋವು ಬೇರೆ. ಹೋಟಲಿನಿಂದ ಹೋಟಲಿಗೆ ಪೆಟ್ಟಿಗೆ ಹೊರಿಸಿಕೊಂಡು ತಿರುಗುವ ಪ್ರವಾಸವಾಗಿದ್ದರೆ ಅವರು ಕೊಲಂಬಸ್ಸಿನ ಮನೆಯ ಕಿಟಕಿಯನ್ನು ಬಿಟ್ಟು ಅಲುಗುತ್ತಿರಲಿಲ್ಲ. ಟ್ರೇಲರಿನಲ್ಲಿ ಅನಿಲದ ಒಲೆಯಿತ್ತು, ತಂಗಳು ಪೆಟ್ಟಿಗೆಯಿತ್ತು, ಬಾಗಿಲು ಹಾಕಿಕೊಳ್ಳಬಹುದಾದ ಶೌಚದ ಕೋಣೆಯಿತ್ತು. ಮಕ್ಕಳಿಗೆ ಒಂದರ ಮೇಲೊಂದು ಹಲಗೆಯ ಮಂಚ; ಊಟದ ಮೇಜನ್ನು ತಗ್ಗಿಸಿ ಮೆತ್ತೆ ಹಾಸಿದರೆ ಅದೇ ನನ್ನ ಮಂಚ. ಎಲ್ಲಿ ತಂಗಿದರೂ ಬೆಳಗ್ಗೆ ಎದ್ದಾಗ ಕಾಣುವುದು ಅದೇ ದಿಂಬು, ಅದೇ ದೇವರ ಪಟ, ಅದೇ ಕಾಫಿ ಫಿಲ್ಟರು. ಬಾಗಿಲು ತೆರೆದರೆ ಮಾತ್ರ ಬೇರೆ ಊರು. “ಮನೆಯಲ್ಲೇ ಇದ್ದೇನೆ ಕಣೋ, ಊರೇ ಬಂದು ಬಂದು ಹೋಗುತ್ತಿದೆ” ಎಂದು ತಾಯಿ ನನಗೆ ಹೇಳಿದರು. ಇದಕ್ಕಿಂತ ಚೆನ್ನಾಗಿ ಟ್ರೇಲರಿನ ಗುಣವನ್ನು ನಾನು ವರ್ಣಿಸಲಾರೆ.

ಮಿಷಿಗನ್ನಿನ ಉತ್ತರ ಭಾಗದಲ್ಲಿ ಟಕ್ವಾಮೆನಾನ್ ಎಂಬ ಜಲಪಾತವಿದೆ. ದೇವದಾರುವಿನ ಜಾತಿಯ ಮರಗಳು ಬೆಳೆದ ಜವುಗು ನೆಲದಿಂದ ಹರಿದುಬರುವ ಆ ನದಿ ಮರದ ಒಗರನ್ನು ಹೀರಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ನೋಡಿ ತಾಯಿ, “ಯಾರೋ ಡಿಕಾಕ್ಷನ್ ಹರಿಯಬಿಟ್ಟಿದ್ದಾರಲ್ಲೇ!” ಎಂದು ಮಗಳನ್ನು ಕರೆದು ತೋರಿಸಿದರು. ಟ್ರೇಲರನ್ನು ಬಿಡಾರದ ಬಯಲಿನಲ್ಲಿ ಕಳಚಿಟ್ಟು, ಬರಿಯ ವಾಹನದಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಇದು ಟ್ರೇಲರಿನ ಇನ್ನೊಂದು ಅನುಕೂಲ. ಎಂಜಿನನ್ನೂ ಮನೆಯನ್ನೂ ಒಂದೇ ಒಡಲಲ್ಲಿ ಸೇರಿಸಿದ ದೊಡ್ಡ ಮೋಟಾರುಮನೆಯನ್ನು ಕೊಂಡವನು ತರಕಾರಿ ತರಲು ಹೋಗಬೇಕಾದರೂ ಮನೆಯನ್ನೇ ಹೊರಡಿಸಬೇಕು. ಟ್ರೇಲರಿಗೆ ಎಂಜಿನಿಲ್ಲ, ಆದ್ದರಿಂದ ಎರಡನೆಯ ಎಂಜಿನ್ನನ್ನು ಸಾಕುವ ಖರ್ಚೂ ಇಲ್ಲ.

ಬಿಡಾರದ ಬಯಲಿನ ನೆರೆಹೊರೆಯನ್ನೂ ಸುಖದ ಲೆಕ್ಕಕ್ಕೇ ಸೇರಿಸಬೇಕು. ಹತ್ತು ವರ್ಷ ಒಂದೇ ಬೀದಿಯಲ್ಲಿದ್ದರೂ ಅಕ್ಕಪಕ್ಕದವರ ಹೆಸರು ತಿಳಿಯದ ಆ ದೇಶದಲ್ಲಿ, ಈ ಬಯಲಿಗೆ ಬಂದ ಗಳಿಗೆಯಲ್ಲೇ ಒಬ್ಬ ಅಪರಿಚಿತ ವೃದ್ಧ ಬಂದು ಕೈಸನ್ನೆಯಿಂದ ನಮ್ಮ ಟ್ರೇಲರನ್ನು ಹಿಂದಕ್ಕೆ ಬಿಡಿಸಿಕೊಟ್ಟನು. ಮೊಬೈಲ್ ಫೋನಿಗೆ ಸಂಕೇತ ಸಿಗದ ಕಾಡಿನಲ್ಲಿ ಮಕ್ಕಳಿಬ್ಬರೂ ಅಜ್ಜಿಯಿಂದ ಚೌಕಾಬಾರ ಕಲಿತರು.

ಇನ್ನು ಕಷ್ಟದ ಕಡೆ. ಮೊದಲನೆಯದು ತೂಕ. ಟ್ರೇಲರಿನ ಮುಂಮೂತಿ ಎಳೆಯುವ ವಾಹನದ ಕೊಂಡಿಯ ಮೇಲೆ ಕೂರುತ್ತದಷ್ಟೆ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಆ ಕೊಂಡಿಯ ಮೇಲೆ ಬೀಳಬೇಕೆಂಬುದು ನಿಯಮ. ಅದಕ್ಕಿಂತ ಕಡಮೆಯಾಗಿ ಭಾರ ಹಿಂದಕ್ಕೆ ವಾಲಿದರೆ, ವೇಗ ಹೆಚ್ಚಿದಾಗ ಟ್ರೇಲರು ನಾಯಿಯ ಬಾಲದಂತೆ ಅತ್ತಿತ್ತ ತೊನೆಯಲಾರಂಭಿಸಿ ಎಳೆಯುವ ವಾಹನವನ್ನೇ ಉರುಳಿಸಬಲ್ಲದು. ನೀರಿನ ತೊಟ್ಟಿಯಲ್ಲಿ ನೂರೈವತ್ತು ಲೀಟರು ತುಂಬಿದರೆ ಅಷ್ಟೇ ಕಿಲೋ ಭಾರ ಕೂಡಿತು. ಪಾತ್ರೆ, ಹಾಸಿಗೆ, ಅಕ್ಕಿ, ಬೇಳೆ ಎಲ್ಲಕ್ಕೂ ಲೆಕ್ಕವುಂಟು. ೧೯೫೪ರಲ್ಲಿ ತೆರೆಗೆ ಬಂದ ‘ದಿ ಲಾಂಗ್, ಲಾಂಗ್ ಟ್ರೇಲರ್’ ಎಂಬ ನಗೆಚಿತ್ರದಲ್ಲಿ ಲೂಸಿಲ್ ಬಾಲ್ ಅಭಿನಯಿಸಿದ ನವವಧು ದಾರಿಯುದ್ದಕ್ಕೂ ನೆನಪಿಗೆಂದು ಕಲ್ಲುಗಳನ್ನು ಆಯ್ದು ಟ್ರೇಲರಿನಲ್ಲಿ ಸೇರಿಸುತ್ತಾಳೆ. ಬೆಟ್ಟದ ದಾರಿಯಲ್ಲಿ ಆ ಕಲ್ಲುಗಳ ಭಾರವೇ ದಂಪತಿಗಳ ಪ್ರಾಣಕ್ಕೆ ಸಂಚಕಾರ ತರುತ್ತದೆ. ನಮ್ಮ ಮನೆಯಲ್ಲಿ ಜಗಳಕ್ಕೆ ಬಂದದ್ದು ಇಡ್ಲಿ ಹಿಟ್ಟಿನ ಗ್ರೈಂಡರು. “ಭಾವ, ಅದರೊಳಗಿರುವುದೂ ಕಲ್ಲೇ ಅಲ್ಲವೆ?” ಎಂದು ಭಾವಮೈದುನರು ತಕ್ಕಡಿಯ ಮುಂದೆ ನಿಂತು ನನ್ನನ್ನು ಪಂಚಾಯಿತಿಗೆ ಕರೆದರು. ಕೊನೆಗೆ ಹಿಟ್ಟು ಬಂದಿತು, ಗ್ರೈಂಡರು ಉಳಿಯಿತು.

ಎರಡನೆಯದು ನಡೆಸುವ ಕಷ್ಟ. ಟ್ರೇಲರನ್ನು ಹಿಂದಕ್ಕೆ ಬಿಡುವಾಗ ಅದರ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ಇಂಧನ ಹೆಚ್ಚುಕಡಮೆ ಎರಡರಷ್ಟು ಉರಿಯುತ್ತದೆ. ಮಿಷಿಗನ್ನಿನ ಎರಡು ಭಾಗಗಳನ್ನು ಕೂಡಿಸುವ, ಸುಮಾರು ಎಂಟು ಕಿಲೋಮೀಟರ್ ಉದ್ದದ ಮ್ಯಾಕಿನಾ ಸೇತುವೆಯ ಮೇಲೆ ಗಾಳಿ ಜೋರಾದಾಗ ಟ್ರೇಲರಿನಂಥ ಎತ್ತರದ ಬಂಡಿಗಳನ್ನು ಕಾವಲಿನವರು ಮುಂದೆ ನಿಂತು ನಿಧಾನವಾಗಿ ದಾಟಿಸುತ್ತಾರೆ. ಗಾಳಿ ಮಿತಿಮೀರಿದರೆ ದಾಟಲು ಬಿಡುವುದೇ ಇಲ್ಲ. ಕೆಲವು ಸೊಗಸಾದ ದಾರಿಗಳು ಇಂಥ ವಾಹನಗಳಿಗೆ ಮುಚ್ಚಿವೆ. ಮೊಂಟಾನದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಹೆಸರಾಂತ ಬೆಟ್ಟದ ರಸ್ತೆಯ ನಡುಭಾಗದಲ್ಲಿ, ಕೊಂಡಿಗೆ ಹಾಕಿದ ಟ್ರೇಲರೂ ಸೇರಿ ಇಪ್ಪತ್ತೊಂದು ಅಡಿಗಿಂತ ಉದ್ದವಿರುವ ವಾಹನಕ್ಕೆ ಪ್ರವೇಶವಿಲ್ಲ. ಮನಸ್ಸು ಬಂದಾಗ ಮನಸ್ಸು ಬಂದ ಕಡೆಗೆ ಹೋಗಬಹುದೆಂಬ ಆಸೆಯಿಂದ ಟ್ರೇಲರನ್ನು ಕೊಂಡವನು, ಹೆಸರಾದ ಬಿಡಾರದ ಬಯಲುಗಳಲ್ಲಿ ಜಾಗ ಬೇಕಾದರೆ ಆರು ತಿಂಗಳ ಮುಂಚೆಯೇ ಕಾದಿರಿಸಬೇಕು.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ ಕೆಲಸ. ಟ್ರೇಲರಿನ ಅಡಿಯಲ್ಲಿ ಎರಡು ಕೊಳಕು ತೊಟ್ಟಿಗಳಿರುತ್ತವೆ. ಪಾತ್ರೆ ತೊಳೆದ, ಮಿಂದ ನೀರು ಒಂದರಲ್ಲಿ, ಶೌಚದ್ದು ಇನ್ನೊಂದರಲ್ಲಿ. ಬಿಡಾರ ಎತ್ತುವಾಗ ಅದಕ್ಕೆಂದೇ ಮಾಡಿದ ಗುಂಡಿಯ ಬಳಿ ನಿಲ್ಲಿಸಿ, ಕೈಗವಸು ತೊಟ್ಟು, ಕೊಳವೆ ಜೋಡಿಸಿ, ತೊಟ್ಟಿಗಳನ್ನು ಬರಿದುಮಾಡಿ ತೊಳೆಯಬೇಕು. ಇದಕ್ಕೆ ಆಳು ಸಿಗುವುದಿಲ್ಲ, ಮಾಲೀಕನೇ ಮಾಡಬೇಕು. ದೊಡ್ಡ ಕಂಪೆನಿಯಲ್ಲಿ ಎಂಜಿನಿಯರಾಗಿರುವ ಅಳಿಯಂದಿರು ಈ ಕೆಲಸಕ್ಕೆ ನಿಂತದ್ದನ್ನು ಮೊದಲ ದಿನ ಕಂಡು ತಾಯಿ ಮುಖ ತಿರುಗಿಸಿಕೊಂಡು ಒಳಗೆ ಹೋದರು. ಮೂರನೆಯ ಸಲ ತಾವೇ ಹೊರಗೆ ಬಂದು, ಕೆಲಸ ಮುಗಿಯುವವರೆಗೆ ನಿಂತಿದ್ದು, ಅವರ ಕೈಗೆ ನೀರು ಹಾಕಿದರು. ಏನೂ ಮಾತಾಡಲಿಲ್ಲ. ನಮ್ಮ ದೇಶದಲ್ಲಿ ಈ ಕೆಲಸವನ್ನು ತಲೆಮಾರುಗಳಿಂದ ಒಂದು ವರ್ಗದ ಜನರ ತಲೆಯ ಮೇಲೆ ಹೊರಿಸಿ ನಾವು ಕೈತೊಳೆದುಕೊಂಡೆವು. ಮಲ ಬಾಚಲು ಮನುಷ್ಯರನ್ನು ನೇಮಿಸುವುದನ್ನು ನಿಷೇಧಿಸುವ ೨೦೧೩ರ ಕಾಯಿದೆ ಬಂದ ಮೇಲೂ ಗುಂಡಿಗಳಲ್ಲಿ ಇಳಿದು ಸಾಯುವವರ ಸುದ್ದಿ ನಿಂತಿಲ್ಲ. ತನ್ನ ಸಂಸಾರದ ಕೊಳಕನ್ನು ತಾನೇ ತೊಳೆಯುವುದನ್ನು ಕಷ್ಟದ ಪಟ್ಟಿಗೆ ಸೇರಿಸಬೇಕೋ ಸುಖದ ಪಟ್ಟಿಗೋ ನಾನು ನಿರ್ಧರಿಸಲಾರದೆ ಹೋಗಿದ್ದೇನೆ. ಸ್ಟೇಬಲ್ಸನ ಗಾಡಿಯಲ್ಲಿ ಪರಿಚಾರಕನಿದ್ದನು. ಇಂದಿನ ಟ್ರೇಲರಿನಲ್ಲಿ ಒಡೆಯನೇ ಪರಿಚಾರಕ.

ನಾಲ್ಕನೆಯದು ಹೊಸದು ಎಂಬುದಕ್ಕೇ ಅಂಟಿದ ಕಷ್ಟ. ಹೊಸದಾದರೆ ತಂಟೆಯಿಲ್ಲವೆಂದು ನಾವು ಭಾವಿಸುತ್ತೇವೆ. ಆದರೆ ಟ್ರೇಲರೆಂದರೆ ಮರದ ಚೌಕಟ್ಟು, ತಗಡು, ಅಂಟು, ಕೊಳಾಯಿ, ತಂತಿಗಳನ್ನು ಒಟ್ಟುಗೂಡಿಸಿದ ಒಂದು ಮನೆ. ಹೆದ್ದಾರಿಯಲ್ಲಿ ಪ್ರತಿದಿನವೂ ಅದಕ್ಕೆ ಸಣ್ಣ ಭೂಕಂಪ. ಅವಸರದಲ್ಲಿ ಕಟ್ಟಿದ್ದರೆ ಮೊದಲ ವರ್ಷದಲ್ಲೇ ಬೆಸುಗೆ ಬಿಡುತ್ತದೆ. ತಂಗಿಯ ಟ್ರೇಲರಿನ ಮಾಡಿನ ಮೂಲೆ ಮೊದಲ ಬೇಸಿಗೆಯಲ್ಲೇ ಸೋರಿತು. ಮಾರಿದ ವರ್ತಕನು ಭರವಸೆಯ ಪತ್ರವನ್ನು ಗೌರವಿಸಿದನೇನೋ ನಿಜ. ಆದರೆ ಟ್ರೇಲರು ಅವನ ಅಂಗಳದಲ್ಲಿ ಸರದಿ ಕಾಯುತ್ತ ಏಳು ವಾರ ನಿಂತಿತು. ಬೇಸಿಗೆ ಕಳೆಯಿತು, ಸಾಲದ ಕಂತು ನಿಲ್ಲಲಿಲ್ಲ. ಅಂಥ ಭರವಸೆಯ ಅವಧಿಯೂ ಸಾಮಾನ್ಯವಾಗಿ ಒಂದೇ ವರ್ಷ. ಬೆಲೆಯಂತೂ ವರ್ತಕನ ಅಂಗಳವನ್ನು ದಾಟಿದ ದಿನದಿಂದಲೇ ಇಳಿಯತೊಡಗುತ್ತದೆ. ಸಾಲ ಹತ್ತು ಹದಿನೈದು ವರ್ಷದ್ದು. ಆದುದರಿಂದ ಕೆಲವು ಕಾಲ ಉಳಿದ ಸಾಲವೇ ಟ್ರೇಲರಿನ ಬೆಲೆಗಿಂತ ಹೆಚ್ಚಾಗಿರುವುದುಂಟು.

ಐದನೆಯದು ಓಡದಿರುವಾಗಿನ ಕಷ್ಟ. ಅನೇಕ ಬಡಾವಣೆಗಳಲ್ಲಿ ಅದನ್ನು ಮನೆಯ ಮುಂದೆ ನಿಲ್ಲಿಸುವಂತಿಲ್ಲ. ಬಾಡಿಗೆ ಕೊಟ್ಟು ಬೇರೆಡೆ ನಿಲ್ಲಿಸಬೇಕು. ಓಹಿಯೋದ ಚಳಿಗೆ ಕೊಳವೆಯ ನೀರು ಹೆಪ್ಪುಗಟ್ಟಿ ಕೊಳವೆ ಸಿಡಿಯುತ್ತದೆ. ಅದಕ್ಕಾಗಿ ಚಳಿಗಾಲಕ್ಕೆ ಮುನ್ನ ನೀರನ್ನೆಲ್ಲ ಹರಿಸಿ, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ತುಂಬಬೇಕು. ಇಲಿಗಳು ತಂತಿ ಕಡಿಯದಂತೆ ನೋಡಿಕೊಳ್ಳಬೇಕು. ಟೈರು ಸವೆಯದಿದ್ದರೂ ಐದಾರು ವರ್ಷಕ್ಕೆ ಬದಲಾಯಿಸಬೇಕು. ಬಿಸಿಲಿಗೂ ಕಾಲಕ್ಕೂ ರಬ್ಬರು ಸೀಳುತ್ತದೆ. ಮಲಗಲು, ಅಡಿಗೆಗೆ, ಶೌಚಕ್ಕೆ ಅನುಕೂಲವಿರುವ ಟ್ರೇಲರನ್ನು ಎರಡನೆಯ ಮನೆಯೆಂದು ಎಣಿಸಲು ಅಮೆರಿಕಾದ ವರಮಾನ ತೆರಿಗೆಯ ಕಾನೂನು ಅವಕಾಶ ಕೊಡುತ್ತದೆ. ಕಾನೂನು ಹೇಳಿದ್ದೇ ಸರಿ. ಅದು ನಿಜವಾಗಿ ಎರಡನೆಯ ಮನೆಯೇ. ಹೆಂಚು ಕೈಯಾಡಿಸುವ ಕೆಲಸ ಅದಕ್ಕೂ ತಪ್ಪಲಿಲ್ಲ.

ಹಾಗಾದರೆ ಲಾಭನಷ್ಟಗಳನ್ನು ತೂಗುವುದು ಹೇಗೆ? ರಾತ್ರಿಗಳ ಲೆಕ್ಕದಿಂದ ಎಂಬುದು ನನ್ನ ಉತ್ತರ. ಲೆಕ್ಕದ ಅನುಕೂಲಕ್ಕಾಗಿ ನಾಲ್ಕು ಅಂಕಿಗಳನ್ನು ಇಟ್ಟುಕೊಳ್ಳೋಣ. ೪೦,೦೦೦ ಡಾಲರಿಗೆ ಕೊಂಡ ಟ್ರೇಲರನ್ನು ಐದು ವರ್ಷಗಳ ಮೇಲೆ ೨೨,೦೦೦ಕ್ಕೆ ಮಾರಿದನೆನ್ನಿ, ಕರಗಿದ್ದು ೧೮,೦೦೦. ಬಡ್ಡಿ, ವಿಮೆ, ನಿಲ್ಲಿಸುವ ಬಾಡಿಗೆ, ದುರಸ್ತಿ ಸೇರಿ ೧೨,೦೦೦ ಎನ್ನಿ. ಒಟ್ಟು ೩೦,೦೦೦. ವರ್ಷಕ್ಕೆ ಇಪ್ಪತ್ತು ರಾತ್ರಿ ಮಲಗಿದರೆ ಐದು ವರ್ಷಕ್ಕೆ ನೂರು ರಾತ್ರಿ. ಒಂದು ರಾತ್ರಿಗೆ ೩೦೦ ಡಾಲರು. ಅರವತ್ತು ರಾತ್ರಿ ಮಲಗಿದರೆ ೧೦೦ ಡಾಲರು. ಬಯಲಿನ ಬಾಡಿಗೆ, ಇಂಧನ ಬೇರೆ. ಮೊದಲನೆಯವನಿಗೆ ಒಳ್ಳೆಯ ಹೋಟಲೇ ಅಗ್ಗ. ಎರಡನೆಯವನಿಗೆ ಟ್ರೇಲರೇ ಲಾಭ. ಅಂಕಿಗಳನ್ನು ಬೇಕಾದಂತೆ ಬದಲಾಯಿಸಿಕೊಂಡರೂ ಕ್ರಮ ಬದಲಾಗದು.

ಆದುದರಿಂದ ಹೊಸ ಟ್ರೇಲರ್ ಕೊಳ್ಳಬೇಕೆಂದಿರುವ ಬಂಧುಗಳಿಗೆ ಹೇಳಬಹುದಾದುದು ಇಷ್ಟು. ಮೊದಲು ಒಂದು ಬೇಸಿಗೆ ಬಾಡಿಗೆಗೆ ಪಡೆದು ನೋಡಿ. ನಿಮ್ಮ ವಾಹನದ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ, ಎಷ್ಟು ಭಾರ ಹೊರಬಲ್ಲದೆಂಬ ಚೀಟಿಯನ್ನು ವರ್ತಕನ ಮಾತಿಗಿಂತ ಹೆಚ್ಚಾಗಿ ನಂಬಿ. ಎರಡು ಮೂರು ವರ್ಷ ಬಳಸಿದ ಟ್ರೇಲರು ಸಿಕ್ಕರೆ, ಮಾಡು ಸೋರಿದ ಗುರುತಿಲ್ಲವೆಂದು ಪರೀಕ್ಷೆ ಮಾಡಿಸಿ ಅದನ್ನೇ ಕೊಳ್ಳಿ. ಅದರ ಮೊದಲ ಕಾಯಿಲೆಗಳು ಬೇರೆಯವರ ಖರ್ಚಿನಲ್ಲಿ ವಾಸಿಯಾಗಿರುತ್ತವೆ, ಮೊದಲ ಬೆಲೆಯಿಳಿತವೂ ಅವರ ಪಾಲಿಗೇ ಹೋಗಿರುತ್ತದೆ. ಹೊಸದೇ ಬೇಕೆಂದರೆ ಮೊದಲ ರಾತ್ರಿಗಳನ್ನು ಮನೆಯ ಹತ್ತಿರದಲ್ಲೇ ಕಳೆದು, ಎಲ್ಲ ಕೊಳಾಯಿಗಳನ್ನೂ ದೀಪಗಳನ್ನೂ ಪರೀಕ್ಷಿಸಿದ ಮೇಲೆ ದೂರ ಹೊರಡಿ.

ಇನ್ನು ನನ್ನ ತಂಗಿಯ ಮನೆಯ ವ್ಯಾಜ್ಯ. ನಾವು ಹೋಗಿದ್ದ ವರ್ಷ ಅವರು ಟ್ರೇಲರಿನಲ್ಲಿ ಕಳೆದದ್ದು ನಲವತ್ತೆಂಟು ರಾತ್ರಿ. ಕಳೆದ ವರ್ಷ ಒಂಬತ್ತು. ಹಿರಿಯ ಹುಡುಗನಿಗೆ ಕಾಲೇಜಿನ ಸಿದ್ಧತೆ, ಕಿರಿಯವಳಿಗೆ ಈಜಿನ ಪಂದ್ಯಗಳು. ತಾಯಿಯವರು ಇನ್ನು ಸಮುದ್ರ ದಾಟುವ ಸ್ಥಿತಿಯಲ್ಲಿಲ್ಲ. ಭಾವಮೈದುನರ ಲೆಕ್ಕದಲ್ಲಿ ದೋಷವಿಲ್ಲ. ತಂಗಿಯ ಮಾತು ಲೆಕ್ಕದ್ದಲ್ಲ. “ಅಣ್ಣಾ, ಅಮ್ಮ ಮಲಗುತ್ತಿದ್ದ ಜಾಗ ಅದು. ಅವರು ಹಚ್ಚಿದ ಕುಂಕುಮ ಇನ್ನೂ ಬಾಗಿಲ ಮೇಲಿದೆ. ಯಾರಿಗೆ ಮಾರಲಿ?” ಎಂದು ಅವಳು ಟೆಲಿಫೋನಿನಲ್ಲಿ ಕೇಳಿದಾಗ ನನಗೆ ಒಡನೆ ಉತ್ತರ ತೋರಲಿಲ್ಲ. ತಾಯಿಯವರನ್ನೇ ಕೇಳಿದೆನು. ಅವರು ಹೆಚ್ಚು ಯೋಚಿಸಲಿಲ್ಲ. “ಮಾರಲಿ. ಅದರಲ್ಲಿ ಇನ್ನೊಬ್ಬ ಮುದುಕಿ ಕೂತು ಆ ಡಿಕಾಕ್ಷನ್ ಹೊಳೆ ನೋಡಲಿ” ಎಂದರು.

ಅದನ್ನೇ ನಾನು ತಂಗಿಗೂ ಭಾವಮೈದುನರಿಗೂ ಒಂದೇ ಕಾಗದದಲ್ಲಿ ಬರೆದಿದ್ದೇನೆ. ಆ ಟ್ರೇಲರು ತಾನು ಮಾಡಬೇಕಾದ ಕೆಲಸವನ್ನು ಮಾಡಿ ಮುಗಿಸಿದೆ. ನಡೆಯಲಾರದ ತಾಯಿಗೆ ಅದು ಒಂದು ಬೇಸಿಗೆ ಮನೆಯಾಗಿತ್ತು; ಅದಕ್ಕಾಗಿ ಕೊಟ್ಟ ಹಣ ನಷ್ಟವಲ್ಲ. ಆದರೆ ಬಿಡಾರವನ್ನು ಬಿಡಬೇಕಾದ ಹೊತ್ತಿಗೆ ಬಿಡದಿದ್ದರೆ ಅದು ಹೊರೆಯಾಗುತ್ತದೆ. ಈ ವರ್ಷ ಚಳಿ ಇಳಿಯುವ ಮುನ್ನ ಮಾರಿಬಿಡಿ. ಮುಂದಿನ ಬೇಸಿಗೆಯಲ್ಲಿ ಮಕ್ಕಳಿಗೆ ಬಿಡುವಾದರೆ ಹತ್ತು ದಿನಕ್ಕೆ ಬಾಡಿಗೆಗೆ ಪಡೆಯಿರಿ. ಗ್ರೈಂಡರನ್ನು ಮನೆಯಲ್ಲೇ ಬಿಡಿ, ಹಿಟ್ಟನ್ನು ಮಾತ್ರ ಒಯ್ಯಿರಿ.